ಪೀನ ದೇವದತ್ತನ ಕ್ಯಾಲೊರಿ ಡೈರಿ: ಒಂದು ಗ್ರಂಥಸಂಪಾದನೆ

ಮೀಮಾಂಸಕರದೊಂದು ಹಳೆಯ ಉದಾಹರಣೆ ಇದೆ. ದೇವದತ್ತ ದಪ್ಪಗಿದ್ದಾನೆ. ಹಗಲು ಉಣ್ಣುವುದಿಲ್ಲ. ಹಾಗಾದರೆ ರಾತ್ರಿ ಉಣ್ಣುತ್ತಿರಲೇಬೇಕು. ಕಣ್ಣಾರೆ ಕಾಣದಿದ್ದರೂ ಬೇರೆ ದಾರಿಯಿಲ್ಲದೆ ಒಪ್ಪಬೇಕಾದ ಇಂಥ ಅರಿವಿಗೆ ಅವರು ಅರ್ಥಾಪತ್ತಿ ಎಂದು ಹೆಸರಿಟ್ಟು, ಪ್ರತ್ಯಕ್ಷ, ಅನುಮಾನಗಳ ಪಂಕ್ತಿಯಲ್ಲಿ ಅದಕ್ಕೂ ಒಂದು ಎಲೆ ಹಾಕಿದರು. ನೈಯಾಯಿಕರು ಒಪ್ಪಲಿಲ್ಲ, ಇದೂ ಅನುಮಾನವೇ, ಬೇರೆ ಎಲೆ ಯಾಕೆ ಎಂದರು. ಶತಮಾನಗಳ ಕಾಲ ಜಗಳ ನಡೆಯಿತು. ಆದರೆ ದೇವದತ್ತ ರಾತ್ರಿ ತಿನ್ನುತ್ತಾನೆ ಎಂಬುದರಲ್ಲಿ ಎರಡೂ ಪಕ್ಷಕ್ಕೆ ಅನುಮಾನ ಬರಲಿಲ್ಲ. ಏನು ತಿನ್ನುತ್ತಾನೆ, ಎಷ್ಟು ತಿನ್ನುತ್ತಾನೆ, ತಿಂದದ್ದನ್ನು ಎಲ್ಲಿ ಬರೆದಿಡುತ್ತಾನೆ ಎಂದು ಮಾತ್ರ ಯಾರೂ ವಿಚಾರಿಸಲಿಲ್ಲ. ಭಾರತೀಯ ದರ್ಶನದ ಈ ಕೊರತೆಯನ್ನು ತುಂಬುವುದೇ ಪ್ರಸ್ತುತ ಪ್ರಬಂಧದ ಉದ್ದೇಶ.

ಇಂಥ ಕೆಲಸ ಮೈಸೂರಿನಲ್ಲೇ ಆಗಬೇಕು. 1891ರಲ್ಲಿ ಶುರುವಾದ ಇಲ್ಲಿಯ ಪ್ರಾಚ್ಯವಿದ್ಯಾ ಸಂಶೋಧನಾಲಯದಲ್ಲೇ ಆರ್. ಶಾಮಾಶಾಸ್ತ್ರಿಗಳು 1905ರಲ್ಲಿ ಕೌಟಿಲ್ಯನ ಅರ್ಥಶಾಸ್ತ್ರದ ತಾಳೆಗರಿಯನ್ನು ಗುರುತಿಸಿ, 1909ರಲ್ಲಿ ಅಚ್ಚು ಹಾಕಿಸಿದ್ದು. ಅರ್ಥಶಾಸ್ತ್ರ ಸಿಕ್ಕಿದ ಊರಿನಲ್ಲಿ ಅರ್ಥಾಪತ್ತಿಗೊಂದು ಹಸ್ತಪ್ರತಿ ಸಿಗದೆ ಇದ್ದೀತೆ? ಸಿಕ್ಕಿತು. ಸರಸ್ವತೀಪುರಂನ ಒಂದು ಮನೆಯಲ್ಲಿ, ಫ್ರಿಜ್ಜಿನ ಮೇಲೆ, ಗ್ಯಾಸಿನ ಪುಸ್ತಕದ ಕೆಳಗೆ. ಲೇಖಕನ ಮಾನ ಕಾಯುವ ಸಲುವಾಗಿ ಅವನನ್ನೂ ದೇವದತ್ತನೆಂದೇ ಕರೆದಿದ್ದೇನೆ. ಲೇಖಕನೂ ಸಂಪಾದಕನೂ ಒಂದೇ ಮನೆಯಲ್ಲಿ ವಾಸವಾಗಿರುವುದು, ಇಬ್ಬರ ಪ್ಯಾಂಟಿನ ಅಳತೆ ಒಂದೇ ಆಗಿರುವುದು ಕಾಕತಾಳೀಯ.

ಪ್ರತಿಗಳ ವಿವರ

‘ಕ’ ಪ್ರತಿ: ಇನ್ನೂರು ಪುಟದ ರೂಲ್ಡ್ ನೋಟ್‌ಬುಕ್, ನೀಲಿ ಶಾಯಿ. ದಿನಕ್ಕೊಂದು ಪುಟ. ಯುಗಾದಿಯ ಮರುದಿನದಿಂದ ಶುರು (ಯುಗಾದಿಯ ದಿನ ಯಾಕಲ್ಲ ಎಂಬುದನ್ನು ಹೋಳಿಗೆ ಬಲ್ಲವರಿಗೆ ಹೇಳಬೇಕಿಲ್ಲ). 119ನೆಯ ಪುಟದವರೆಗೆ ಬರೆದಿದೆ. ‘ಖ’ ಪ್ರತಿ: ಮೊಬೈಲಿನ ಆ್ಯಪು, ಶುದ್ಧವಾದರೂ ನಿರ್ಜೀವ. ಅದರಲ್ಲಿ ದೋಸೆ ಎಂದರೆ ಒಂದೇ ದೋಸೆ. ನಜರ್‌ಬಾದಿನ ದೋಸೆಯ ಮೇಲೆ ಕೂತು ಕರಗುವ ಬೆಣ್ಣೆಯ ವಿಚಾರ ಅದರ ಕರ್ತೃವಿಗೆ ತಿಳಿದಿದ್ದಂತೆ ಕಾಣುವುದಿಲ್ಲ. ‘ಗ’ ಪ್ರತಿ: ದೇವದತ್ತನ ಹೆಂಡತಿಯ ನೆನಪು. ಇದು ಮೌಖಿಕ ಪರಂಪರೆಗೆ ಸೇರಿದ್ದು. ಎಲ್ಲೂ ಬರೆದಿಟ್ಟಿಲ್ಲ, ಎಲ್ಲೂ ಪಾಠಾಂತರವಿಲ್ಲ. ಮೂರು ಪ್ರತಿಗಳಲ್ಲಿ ಭಿನ್ನಾಭಿಪ್ರಾಯ ಬಂದಾಗಲೆಲ್ಲ ‘ಗ’ ಪ್ರತಿಯೇ ಸರಿ ಎಂದು ಒಪ್ಪಿಕೊಂಡು ಊಟಕ್ಕೆ ಕೂತಿದ್ದೇನೆ.

ಡೈರಿಯ ಕಥಾಸಾರ ಚಿಕ್ಕದು. ಮೊದಲ ದಿನ ತೂಕ 84 ಕಿಲೋ. ಆರು ವಾರದಲ್ಲಿ 79.4. ದೇವದತ್ತ ಹಿಗ್ಗಿದ, ಬೆಲ್ಟಿಗೆ ಮೊಳೆಯಿಂದ ಒಂದು ತೂತು ಹೆಚ್ಚು ಹೊಡೆದ. ಆಮೇಲಿನ ಹನ್ನೊಂದು ವಾರವೂ 79.4. ಅದೇ ಲೆಕ್ಕ, ಅದೇ ವಾಕಿಂಗು, ಅದೇ ಅಂಕಿ. 80ನೆಯ ಪುಟದ ಹೊತ್ತಿಗೆ ಅಕ್ಷರ ಸೊಟ್ಟಗಾಗಿದೆ. 97ನೆಯ ಪುಟದಲ್ಲಿ ತೂಕದ ಮುಂದೆ ಅಂಕಿಯೇ ಇಲ್ಲ, ‘ಅದೇ’ ಎಂದು ಬರೆದಿದೆ.

ಪೂರ್ವಪಕ್ಷ

ಇದಕ್ಕೆ ಕಾರಣ ಹೇಳುವವರು ಊರಲ್ಲಿ ಬೇಕಾದಷ್ಟು ಮಂದಿ. ತೂಕದ ಮೆಷಿನ್ನೇ ಕೆಟ್ಟಿದೆ ಎಂಬುದು ಒಂದು ಮತ. ಇದು ನಿಲ್ಲುವುದಿಲ್ಲ, ಅದೇ ಮೆಷಿನ್ನಿನ ಮೇಲೆ ಹೆಂಡತಿ ಎರಡು ಕಿಲೋ ಇಳಿದಿದ್ದಾಳೆ. ಥೈರಾಯ್ಡ್ ಎಂಬುದು ಎರಡನೆಯ ಮತ. ನಿಜಕ್ಕೂ ಆ ತೊಂದರೆ ಇರುವವರ ವಿಚಾರ ಬೇರೆ, ಅವರು ಡಾಕ್ಟರ ಹತ್ತಿರ ಹೋಗಲಿ. ದೇವದತ್ತನ ರಿಪೋರ್ಟು ನಾರ್ಮಲ್ ಬಂದಾಗ ಅವನ ಮುಖ ಸಪ್ಪಗಾದದ್ದನ್ನು ಸಂಪಾದಕ ಹತ್ತಿರದಿಂದ ನೋಡಿದ್ದಾನೆ. ‘ನೀರು ಕುಡಿದ್ರೂ ದಪ್ಪ ಆಗ್ತೀನಿ ಸಾರ್’ ಎಂಬುದು ಮೂರನೆಯದು, ಬಹುಜನಸಮ್ಮತ. ನೀರಿನ ಸಾಕ್ಷಿಯನ್ನು ಮುಂದೆ ಕರೆಸುತ್ತೇನೆ.

ದೃಷ್ಟಾಂತ ಬೇಕೆಂದರೆ ಚಾಮುಂಡಿಬೆಟ್ಟದ ಮೆಟ್ಟಿಲ ದಾರಿಯ ನಂದಿಯನ್ನು ತೋರಿಸಬಹುದು. ಹದಿನೇಳನೆಯ ಶತಮಾನದಲ್ಲಿ ದೊಡ್ಡದೇವರಾಜ ಒಡೆಯರ ಕಾಲಕ್ಕೆ ಕೂತದ್ದು; ಅಂದಿನಿಂದ ಒಂದು ಹಿಡಿ ಹುಲ್ಲು ತಿಂದಿಲ್ಲ, ಗಾತ್ರವೂ ಇಳಿದಿಲ್ಲ. ಉಪವಾಸವಿದ್ದೂ ತೂಕ ಇಳಿಯದ ನಂಬಬಹುದಾದ ದೃಷ್ಟಾಂತ ನನಗೆ ಸಿಕ್ಕಿದ್ದು ಇದೊಂದೇ. ಅದೂ ಕಲ್ಲಿನದು.

ಪಾಠವಿಮರ್ಶೆ

ಡೈರಿಯ ಪುಟಪುಟದಲ್ಲೂ ಬರುವ ಒಂದು ನಮೂದು: ‘ತುಪ್ಪ, 1 ಚಮಚ, 40’. ಓದಿದೊಡನೆ ತಿಳಿಯುವಂತಿದೆ. ಆದರೆ ಪಾಠವಿಮರ್ಶಕನಾದವನು ಕೇಳಲೇಬೇಕು: ಯಾವ ಚಮಚ? ಕ್ಯಾಲೊರಿ ಕೋಷ್ಟಕ ಮಾಡಿದವರ ಚಮಚ ಐದು ಮಿಲಿಲೀಟರಿನದು. ದೇವದತ್ತನ ಮನೆಯದು ಮಿಳ್ಳೆಯ ಜೊತೆ ತಾಯಿಯ ಕಾಲದಿಂದ ಬಂದ ಸ್ಟೀಲು ಚಮಚ, ಹೊಟ್ಟೆ ಆಳ, ಹಿಡಿ ಸೊಟ್ಟ. ಕೆಮ್ಮಿನ ಸಿರಪ್ಪಿನ ಅಳತೆಮುಚ್ಚಳ ತಂದು, ಆ ಚಮಚದ ತುಂಬ ನೀರು ಹಿಡಿದು, ಅಡಿಗೆಮನೆಯ ಕಟ್ಟೆಯ ಮೇಲೆ ಬಗ್ಗಿ ಸುರಿದೆ. ನೀರು 14ರ ಹತ್ತಿರ ನಿಂತಿತು. ಅಷ್ಟು ತುಪ್ಪವೆಂದರೆ ಹದಿಮೂರು ಗ್ರಾಮಿನ ಸುಮಾರು. ಕೊಬ್ಬಿಗೆ ಗ್ರಾಮಿಗೆ 9 ಕ್ಯಾಲೊರಿ ಎಂಬುದು ಅಮೆರಿಕದ ಆಟ್‌ವಾಟರ್ ಹತ್ತೊಂಬತ್ತನೆಯ ಶತಮಾನದ ಕೊನೆಗೆ ಹಾಕಿಕೊಟ್ಟ ಲೆಕ್ಕ (ಹಿಟ್ಟು, ಸಕ್ಕರೆ, ಸಸಾರಜನಕಗಳಿಗೆ 4). ಅಂದರೆ ನಲವತ್ತಲ್ಲ, ನೂರ ಹದಿನೈದು. ಇಡ್ಲಿಯ ಮೇಲೊಂದು, ಸಾರನ್ನಕ್ಕೊಂದು, ರಾತ್ರಿಯ ಚಪಾತಿಗೊಂದು. ದಿನಕ್ಕೆ ಇನ್ನೂರಿಪ್ಪತ್ತರಷ್ಟು ಲೆಕ್ಕದ ಹೊರಗೆ. ತಿಂಗಳಿಗೆ ಆರೂವರೆ ಸಾವಿರದ ಮೇಲೆ. ಒಂದು ಕಿಲೋ ಕೊಬ್ಬಿಗೆ 7,700 ಕ್ಯಾಲೊರಿ ಎಂದು ವಾಡಿಕೆಯ ಅಂದಾಜು. ಹನ್ನೊಂದು ವಾರ ಕಾಣೆಯಾಗಿದ್ದ ದೇವದತ್ತನ ‘ರಾತ್ರಿ’ ಇಡೀ ಆ ಸೊಟ್ಟ ಚಮಚದಲ್ಲಿತ್ತು.

ಶಾಸನಾಧಾರವೂ ಇದನ್ನೇ ಹೇಳುತ್ತದೆ. ದಿನಸಿ ಅಂಗಡಿಯ ಚೀಟಿಯಲ್ಲಿ ಮೂರು ಜನರ ಮನೆಗೆ ತಿಂಗಳಿಗೆ ಒಂದೂವರೆ ಕಿಲೋ ತುಪ್ಪ. ಮಗಳು ತುಪ್ಪ ಮುಟ್ಟುವುದಿಲ್ಲ.

‘ಸ್ವಲ್ಪ’ ಎಂಬ ಪದ ‘ಕ’ ಪ್ರತಿಯಲ್ಲಿ ಅರವತ್ತೆಂಟು ಕಡೆ ಬಂದಿದೆ. ‘ಅವಲಕ್ಕಿ ಸ್ವಲ್ಪ’, ‘ಕೋಡುಬಳೆ ಸ್ವಲ್ಪ’, ಒಂದು ಕಡೆ ‘ಹಲಸಿನ ಹಣ್ಣು ಸ್ವಲ್ಪ ಜಾಸ್ತಿ’. ನಿಘಂಟಿನಲ್ಲಿ ಇದರ ಅರ್ಥ ಕೊಂಚ, ತುಸು. ಮೈಸೂರಿನ ಬಳಕೆಯಲ್ಲಿ ಅರ್ಥ ಬೇರೆ: ಬಡಿಸುವವರ ಕೈ ನಿಲ್ಲುವವರೆಗೆ. 52ನೆಯ ಪುಟದಲ್ಲಿ ‘ಚಪಾತಿ 2’ ಎಂದಿರುವಲ್ಲಿ ದೀಪಕ್ಕೆ ಹಿಡಿದು ನೋಡಿದರೆ ಕೆಳಗೆ 3 ಕಾಣುತ್ತದೆ. ಲಿಪಿಕಾರನ ಕೈತಪ್ಪೋ, ಬುದ್ಧಿಪೂರ್ವಕವೋ ಎಂದು ‘ಗ’ ಪ್ರತಿಯನ್ನು ಕೇಳಿದೆ. ‘ಮೂರೂ ಅಲ್ಲ ರೀ, ನಾಲ್ಕು. ಒಂದು ನೀವು ನಿಂತ್ಕೊಂಡೇ ತಿಂದ್ರಿ.’

ಇಲ್ಲೇ ಈ ಗ್ರಂಥದ ಒಳಗುಟ್ಟು ಇರುವುದು. ದೇವದತ್ತ ಸುಳ್ಳು ಬರೆದವನಲ್ಲ. ತಾನು ತಿಂದೆ ಎಂದುಕೊಂಡದ್ದನ್ನೆಲ್ಲ ಕಾಸಿಗೆ ಕಾಸು ಬರೆದಿದ್ದಾನೆ. ತಿನ್ನುವುದು ಎಂದರೆ ಅವನ ಮಟ್ಟಿಗೆ ತಟ್ಟೆ ಇಟ್ಟುಕೊಂಡು, ಕೂತು, ಮನಸ್ಸಿಟ್ಟು ಮಾಡುವ ಕ್ರಿಯೆ. ನಿಂತು ತಿಂದದ್ದು ತಿಂದದ್ದಲ್ಲ. ಉಪ್ಪು ಸರಿಯಿದೆಯಾ ನೋಡಿ ಎಂದು ಹೆಂಡತಿ ಅಂಗೈಗೆ ಹಾಕಿದ್ದು ಪರೀಕ್ಷೆ. ಮಗಳು ತಟ್ಟೆಯಲ್ಲಿ ಬಿಟ್ಟದ್ದನ್ನು ಖಾಲಿ ಮಾಡಿದ್ದು ಅನ್ನಕ್ಕೆ ತೋರಿಸಿದ ಮರ್ಯಾದೆ. ಮದುವೆ ಮನೆಯಲ್ಲಿ ಚಿರೋಟಿಯ ಮೇಲೆ ಬಾದಾಮಿ ಹಾಲು ಸುರಿದು ‘ಹಾಕಿಸ್ಕೊಳ್ಳಿ ಸ್ವಾಮಿ, ದಿನಾ ಬರ್ತೀರಾ’ ಎಂದದ್ದಕ್ಕೆ ಒಪ್ಪಿದ್ದು ದಾಕ್ಷಿಣ್ಯ. ಮೀಮಾಂಸಕರಲ್ಲಿ, ವಾಕ್ಯದಲ್ಲಿ ಬಿಟ್ಟುಹೋದ ಪದವನ್ನು ಓದುಗನೇ ತಂದು ಸೇರಿಸಿಕೊಳ್ಳುವುದಕ್ಕೆ ಅಧ್ಯಾಹಾರ ಎನ್ನುತ್ತಾರೆ. ಆ ಪದದ ಕೊನೆಯಲ್ಲೇ ಆಹಾರ ಕೂತಿರುವುದನ್ನು ಇಷ್ಟು ವರ್ಷ ಯಾವ ಪಂಡಿತರೂ ಗಮನಿಸದಿರುವುದು ಸೋಜಿಗ.

ಆಷಾಢ ಶುಕ್ರವಾರದ ಪುಟಗಳು ಪ್ರತ್ಯೇಕ ಅಧ್ಯಯನಕ್ಕೆ ಯೋಗ್ಯ. ‘ಬೆಳಗ್ಗೆ ಐದಕ್ಕೆ ಎದ್ದು ಸಾವಿರ ಮೆಟ್ಟಿಲು ಹತ್ತಿದೆ’ ಎಂದು ದಪ್ಪಕ್ಷರದಲ್ಲಿದೆ, ಕೆಳಗೆ ಎರಡು ಗೆರೆ. ಊಟದ ಕಡೆ ‘ಬೆಳಗಿನ ತಿಂಡಿ: ಇಲ್ಲ’. ಆ ದಿನಗಳಲ್ಲಿ ಬೆಟ್ಟದ ಮೇಲೆ ಭಕ್ತಾದಿಗಳು ದೊನ್ನೆ ದೊನ್ನೆ ಪ್ರಸಾದ ಹಂಚುತ್ತಾರೆಂಬುದನ್ನು ಮೈಸೂರಿನವರಿಗೆ ಹೇಳಬೇಕಿಲ್ಲ. ನಾಲ್ಕು ಶುಕ್ರವಾರಗಳ ಪುಟದಲ್ಲೂ ಬಲ ಅಂಚಿನಲ್ಲಿ ಹೆಬ್ಬೆರಳಿನಷ್ಟು ಎಣ್ಣೆ ಕಲೆ. ಹಿಡಿದು ನೋಡಿದರೆ ಆಚೆಯ ಅಕ್ಷರ ಕಾಣುತ್ತದೆ. ಒಂದರಲ್ಲಿ ಕೇಸರಿ ಬಣ್ಣ. ಪ್ರಸಾದಕ್ಕೆ ಕ್ಯಾಲೊರಿ ಹಾಕುವುದು ಅಪಚಾರವೆಂದು ದೇವದತ್ತನ ವಾದ. ಈ ಸಂಪಾದಕನಿಗೂ ದೇವಿಯ ಭಯವಿದೆ. ಮುಂದಿನ ಪುಟಕ್ಕೆ ಹೋಗೋಣ.

ವ್ಯಾಯಾಮ ಖಂಡ

ಬೇರೆ ದಿನಗಳಲ್ಲಿ ಕುಕ್ಕರಹಳ್ಳಿ ಕೆರೆ. ಕುವೆಂಪು ನಡೆದಾಡಿದ ದಂಡೆ. ಅವರು ಇಲ್ಲಿಂದ ಮನೆಗೆ ಕವಿತೆ ಒಯ್ದರು, ದೇವದತ್ತ ಉದ್ದಿನವಡೆ ಪಾರ್ಸಲ್ ಒಯ್ದ. ಒಂದು ಸುತ್ತಿಗೆ ಅವನ ಕೈಗಡಿಯಾರ 270 ತೋರಿಸುತ್ತದೆ. ಅಂಕಿ ತಪ್ಪಲ್ಲ, ಓದುವುದು ತಪ್ಪು. ಆ ಒಂದು ಗಂಟೆ ಆತ ಮನೆಯಲ್ಲಿ ಪೇಪರ್ ಓದುತ್ತ ಕೂತಿದ್ದರೂ ಎಪ್ಪತ್ತು ಎಂಬತ್ತು ಖರ್ಚಾಗುತ್ತಿತ್ತು; ನಡೆದದ್ದರಿಂದ ಹೆಚ್ಚಿಗೆ ಕರಗಿದ್ದು ಇನ್ನೂರರ ಹತ್ತಿರ ಮಾತ್ರ. ವಡೆ ಒಂದಕ್ಕೆ ನೂರೈವತ್ತರ ಆಸುಪಾಸು. ಎರಡು ವಡೆಗೆ ಕೆರೆ ಇನ್ನೊಂದು ಅರ್ಧ ಸುತ್ತಬೇಕು. ಸಾಂಬಾರು, ಚಟ್ನಿ ಬಿಟ್ಟು.

ವಾಕಿಂಗ್ ಮುಗಿದ ಮೇಲಿನ ದಿನಚರಿ ‘ಕ’ ಪ್ರತಿಯಲ್ಲಿಲ್ಲ, ‘ಗ’ ಪ್ರತಿಯಲ್ಲಿದೆ. ಹಾಲಿನ ಬೂತಿಗೆ ಇನ್ನೂರು ಗಜ, ಸ್ಕೂಟರು. ಮಹಡಿಯ ಮೇಲಿನ ಕನ್ನಡಕ ತರಲು ಮಗಳು. ಕೇಳಿದರೆ ‘ಬೆಳಗ್ಗೆ ಅಷ್ಟು ದೂರ ನಡ್ದಿಲ್ವಾ?’ ದೇಹವಿಜ್ಞಾನಿಗಳು ಇದನ್ನು ಬಲ್ಲರು: ವ್ಯಾಯಾಮ ಹೆಚ್ಚಿಸಿದವರು, ಊಟ ಕಡಿಮೆ ಮಾಡಿದವರು ತಮಗೇ ಅರಿವಿಲ್ಲದೆ ಉಳಿದ ಹೊತ್ತು ಅಲುಗಾಟ ಕಡಿಮೆ ಮಾಡಿಬಿಡುವುದುಂಟು.

ನೀರಿನ ಸಾಕ್ಷಿ

1992ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ನ್ಯೂಯಾರ್ಕಿನ ಸಂಶೋಧಕರ ಒಂದು ಲೇಖನ ಬಂತು. ದಿನಕ್ಕೆ 1,200 ಕ್ಯಾಲೊರಿಯೂ ತಿನ್ನುತ್ತಿಲ್ಲ, ಆದರೂ ಇಳಿಯುತ್ತಿಲ್ಲ ಎಂದು ಹೇಳಿಕೊಂಡಿದ್ದ ಹತ್ತು ಮಂದಿಗೆ ಅವರು ವಿಶೇಷ ನೀರು ಕುಡಿಸಿದರು. ಅದರ ಜಲಜನಕ, ಆಮ್ಲಜನಕ ಎರಡಕ್ಕೂ ಗುರುತು ಹಾಕಿರುತ್ತದೆ. ಮೂತ್ರದಲ್ಲಿ ಗುರುತುಗಳು ಎಷ್ಟೆಷ್ಟು ಬೇಗ ಕಡಿಮೆಯಾಗುತ್ತವೆಂದು ಅಳೆದರೆ ದೇಹ ಎಷ್ಟು ಶಕ್ತಿ ಉರಿಸಿತೆಂದು ಗೊತ್ತಾಗುತ್ತದೆ. ನೀರು ಬಾಯಿಬಿಟ್ಟಿತು. ಅವರ ದೇಹ ಉರಿಸುವುದರಲ್ಲಿ ಸೋಮಾರಿಯಾಗಿರಲಿಲ್ಲ. ತಿಂದದ್ದನ್ನು ಸರಾಸರಿ ಶೇ. 47ರಷ್ಟು ಕಡಿಮೆ, ಮೈದಣಿಸಿದ್ದನ್ನು ಶೇ. 51ರಷ್ಟು ಹೆಚ್ಚು ಹೇಳಿದ್ದರು. ನೀರು ಕುಡಿದರೆ ದಪ್ಪ ಆಗುವುದಿಲ್ಲ, ಗುಟ್ಟು ರಟ್ಟಾಗುತ್ತದೆ. ಮೀಮಾಂಸಕರಿಗೆ ಈ ನೀರು ಬೇಕಾಗಿರಲಿಲ್ಲ ಎಂಬುದು ನಮ್ಮ ಹೆಮ್ಮೆ.

ಹಾಗೆಂದು ತಪ್ಪನ್ನೆಲ್ಲ ದೇವದತ್ತನ ತಲೆಗೇ ಕಟ್ಟುವುದು ನ್ಯಾಯವಲ್ಲ. ಮೊದಲ ವಾರಗಳ ಇಳಿತವೇ ಅವನಿಗೆ ಮೋಸ ಮಾಡಿತ್ತು. ಊಟ ಕಡಿಮೆಯಾದಾಗ ದೇಹ ಮೊದಲು ಖರ್ಚು ಮಾಡುವುದು ಯಕೃತ್ತು, ಸ್ನಾಯುಗಳಲ್ಲಿ ಕೂಡಿಟ್ಟ ಗ್ಲೈಕೋಜನ್ ಎಂಬ ಸಕ್ಕರೆಯ ದಾಸ್ತಾನನ್ನು. ಅದರ ಪ್ರತಿ ಗ್ರಾಮಿನ ಜೊತೆ ಸುಮಾರು ಮೂರು ಗ್ರಾಂ ನೀರು ಹೊರಟುಹೋಗುತ್ತದೆ. ಬೆಲ್ಟಿಗೆ ತೂತು ಹೊಡೆದದ್ದರಲ್ಲಿ ನೀರಿನ ಪಾಲೂ ಇತ್ತು. ಆಮೇಲೆ, 79 ಕಿಲೋದ ಮೈಗೆ 84ರ ಮೈಯಷ್ಟು ಊಟ ಬೇಕಿಲ್ಲ. ಹೊರೆ ಇಳಿಸಿದ ಎತ್ತಿಗೆ ಮೇವೂ ಕಡಿಮೆ. ಅದಕ್ಕಿಂತಲೂ ತುಸು ಹೆಚ್ಚೇ ಬಿಗಿ ಹಿಡಿಯುತ್ತದೆ ದೇಹ. 1944–45ರಲ್ಲಿ ಮಿನೆಸೋಟದಲ್ಲಿ ಆ್ಯನ್ಸೆಲ್ ಕೀಸ್ 36 ಮಂದಿ ಯುವಕರನ್ನು 24 ವಾರ ಅರೆಹೊಟ್ಟೆಯಲ್ಲಿಟ್ಟು ನೋಡಿದಾಗ, ಮೈ ಕರಗಿದ ಲೆಕ್ಕಕ್ಕಿಂತ ಹೆಚ್ಚಾಗಿ ಅವರ ದೇಹದ ಖರ್ಚು ಇಳಿದಿತ್ತು. ಬರಗಾಲ ಕಂಡ ಅಜ್ಜಿ ಕಣಜದ ಬಾಗಿಲಿಗೆ ಬೀಗ ಹಾಕಿ ಕೀಲಿ ಸೊಂಟಕ್ಕೆ ಸಿಕ್ಕಿಸಿಕೊಂಡ ಹಾಗೆ.

ಮೈಸೂರಿನ ದೇಹ ಈ ವಿದ್ಯೆಯಲ್ಲಿ ಉಳಿದವಕ್ಕಿಂತ ಮುಂದಿದ್ದರೆ ಆಶ್ಚರ್ಯವಿಲ್ಲ. ಆಹಾರ ಕೆಡದಂತೆ ಕಾಪಿಡುವುದನ್ನೇ ಕಸುಬಾಗಿಸಿಕೊಂಡ ಎರಡು ರಾಷ್ಟ್ರೀಯ ಸಂಸ್ಥೆಗಳು ಈ ಊರಲ್ಲಿವೆ: ಚೆಲುವಾಂಬ ವಿಲಾಸದಲ್ಲಿ 1950ರಿಂದ ಸಿಎಫ್‌ಟಿಆರ್‌ಐ, ಸೈನಿಕರ ಬುತ್ತಿಗೆಂದು 1961ರಿಂದ ಡಿಎಫ್‌ಆರ್‌ಎಲ್. ದೇವದತ್ತನ ಸೊಂಟವನ್ನು ಮೂರನೆಯದೆಂದು ಪರಿಗಣಿಸಬೇಕೆಂದು ಸಂಪಾದಕ ವಿನಂತಿಸುತ್ತಾನೆ.

ಲುಪ್ತಪತ್ರ

113ನೆಯ ಪುಟ ‘ಕ’ ಪ್ರತಿಯಲ್ಲಿಲ್ಲ. ಹೊಲಿಗೆಯ ಹತ್ತಿರ ಹರಿದ ಗುರುತಿದೆ. ಹಿಂದಿನ ಪುಟದ ಕೊನೆಯ ಸಾಲು, ‘ಸಂಜೆ ಸಯ್ಯಾಜಿರಾವ್ ರಸ್ತೆ ಕಡೆ ಕೆಲಸವಿತ್ತು’. ಅರಮನೆಯ ಅಡಿಗೆಮನೆಯಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರಿಗಾಗಿ ಕಾಕಾಸುರ ಮಾದಪ್ಪನವರು ಕಡಲೆಹಿಟ್ಟು, ತುಪ್ಪ, ಸಕ್ಕರೆ ಸೇರಿಸಿ ಮಾಡಿದರೆಂದು ಪ್ರತೀತಿ ಇರುವ ಸಿಹಿ ಇಂದಿಗೂ ಬಿಸಿಯಾಗಿ ಸಿಗುವ ರಸ್ತೆ ಅದು. ಲುಪ್ತಪತ್ರ ಕೊನೆಗೆ ಸಿಕ್ಕಿದ್ದು ಸ್ಕೂಟರಿನ ಡಿಕ್ಕಿಯಲ್ಲಿ, ನಾಲ್ಕು ಮಡಿಕೆಯಾಗಿ. ಅಕ್ಷರಗಳೆಲ್ಲ ತುಪ್ಪದಲ್ಲಿ ನೆನೆದು ಅಳಿಸಿಹೋಗಿವೆ. ಒಂದು ಮೂಲೆಯಲ್ಲಿ ‘ಸ್ವಲ್ಪ’ ಎಂಬುದು ಮಾತ್ರ ಓದಲು ಬರುತ್ತದೆ.

‘ಗ’ ಪ್ರತಿಗೆ ಇದನ್ನಿನ್ನೂ ತೋರಿಸಿಲ್ಲ.

ಇಂಥ ಡೈರಿಗಳು ಮೈಸೂರಿನ ಬೇರೆ ಮನೆಗಳಲ್ಲೂ ಫ್ರಿಜ್ಜಿನ ಮೇಲಿರಬಹುದು. ಇದ್ದವರು ದಯವಿಟ್ಟು ಸಂಪಾದಕನಿಗೆ ತಿಳಿಸಬೇಕು. ಕಲೆ ಬಿದ್ದ ಪುಟಗಳನ್ನು ಹರಿಯಬೇಡಿ, ಪಾಠನಿರ್ಣಯಕ್ಕೆ ಅವೇ ಆಧಾರ. ಜೊತೆಗೆ ಮನೆಯ ತುಪ್ಪದ ಚಮಚವನ್ನೂ ಕಳಿಸಿದರೆ ಅಳೆದು ವಾಪಸು ಕೊಡಲಾಗುವುದು. ತೊಳೆದು ಕಳಿಸಿ.