ಕಥೆ ರೆಡಿ ಇದೆ ಸಾರ್, ಬರೆಯೋದೊಂದು ಬಾಕಿ

ಬೆಂಗಳೂರಿನಲ್ಲಿ ಈಗ ಕಥೆ ಇಲ್ಲದವನು ಸಿಗುವುದೇ ಕಷ್ಟ. ಕ್ಯಾಬ್ ಓಡಿಸುವವನ ಹತ್ತಿರ ಒಂದಿದೆ. ಸಾಫ್ಟ್‌ವೇರ್ ಕಂಪನಿಯ ಟೀಮ್ ಲೀಡ್ ಹತ್ತಿರ ಮೂರಿವೆ, ಅದರಲ್ಲೊಂದು ಪ್ಯಾನ್ ಇಂಡಿಯಾ. ಬರೆದಿದ್ದರೆ ಕೊಡಿ, ಓದುತ್ತೇನೆ ಅನ್ನಿ. ‘ಎಲ್ಲಾ ತಲೇಲಿದೆ ಸಾರ್’ ಎಂಬ ಉತ್ತರ ಬರುತ್ತದೆ.

ಪೂರ್ತಿ ಹೇಳುವುದಕ್ಕೂ ಹೆದರಿಕೆ. ಯಾರಾದರೂ ಕದ್ದುಬಿಟ್ಟರೆ? ಹಾಗಾಗಿ ಒನ್ ಲೈನ್ ಮಾತ್ರ ಹೇಳುತ್ತಾರೆ. ಅದೂ ಅರ್ಧ ಲೈನ್.

ಆರ್.ಜಿ. ಆನಂದ್ ಅಂತ ಒಬ್ಬ ನಾಟಕಕಾರರಿದ್ದರು. ‘ಹಮ್ ಹಿಂದುಸ್ತಾನಿ’ ಎಂಬ ನಾಟಕ ಬರೆದು ಆಡಿಸಿದ್ದರು. 1956ರಲ್ಲಿ ಬಂದ ‘ನ್ಯೂ ಡೆಲ್ಲಿ’ ಸಿನಿಮಾ ತಮ್ಮ ನಾಟಕದ ನಕಲು ಎಂದು ಕೇಸು ಹಾಕಿದರು. ಸುಪ್ರೀಂ ಕೋರ್ಟ್ ತನಕ ಹೋದರು. 1978ರಲ್ಲಿ ಸೋತರು. ಐಡಿಯಾಕ್ಕೆ ಕಾಪಿರೈಟ್ ಇಲ್ಲ, ಅದನ್ನು ಬರೆದು ಮೂಡಿಸಿದ ರೀತಿಗೆ ಮಾತ್ರ ಎಂದಿತು ನ್ಯಾಯಾಲಯ. ಇಡೀ ನಾಟಕ ಬರೆದವರಿಗೇ ಈ ಗತಿ. ನಮ್ಮ ಮಹಾಶಯರು ಅರ್ಧ ಲೈನಿಗೆ ಬೀಗ ಜಡಿದು ಕೂತಿದ್ದಾರೆ. ಕಾನೂನು ಕಾಯುವುದು ಬರೆದದ್ದನ್ನು. ಇವರು ಮಾಡದೆ ಬಿಟ್ಟಿರುವುದೂ ಅದೊಂದನ್ನೇ.

ಮಿಕ್ಕಿದ್ದೆಲ್ಲ ಆಗಿದೆ. ಫಿಲಂ ಚೇಂಬರ್‌ನಲ್ಲಿ ಟೈಟಲ್ ರಿಜಿಸ್ಟರ್ ಆಗಿದೆ. ಟೈಟಲ್‌ಗೆ ಅಡಿಬರಹವೂ ಇದೆ. ಮೋಷನ್ ಪೋಸ್ಟರ್ ಬಂದಿದೆ, ರಕ್ತ ಸೋರುವ ಅಕ್ಷರಗಳಲ್ಲಿ. ಮುಹೂರ್ತಕ್ಕೆ ದೇವಸ್ಥಾನ ಗೊತ್ತಾಗಿದೆ, ಕ್ಲ್ಯಾಪ್ ಮಾಡಲು ಎಂಎಲ್ಎ ಒಪ್ಪಿದ್ದಾರೆ. ಕಥೆ ಏನು ಎಂದು ಕೇಳುವುದು ಮಾತ್ರ ಅಪಶಕುನ.

ಮತ್ತೆ ಎಲ್ಲರದೂ ‘ಒರಿಜಿನಲ್’. 1995ರಲ್ಲಿ ‘ಓಂ’ ಬಂತು, ಊರಲ್ಲಿದ್ದವರೆಲ್ಲ ಲಾಂಗು ಹಿಡಿದರು. 2006ರ ಕೊನೆಗೆ ‘ಮುಂಗಾರು ಮಳೆ’ ಬಂತು, ಎಲ್ಲ ಪ್ರೇಮಿಗಳೂ ನೆನೆದರು. 2018ರಲ್ಲಿ ‘ಕೆಜಿಎಫ್’ ಬಂತು, ಗಡ್ಡ ಬಂತು, ದೂಳು ಬಂತು. 2022ರ ‘ಕಾಂತಾರ’ದ ಮೇಲಂತೂ ಕರಾವಳಿಯ ಕಡೆ ತಲೆ ಹಾಕಿ ಮಲಗದವನ ಕಥೆಯಲ್ಲೂ ದೈವ ಮೈಮೇಲೆ ಬರುತ್ತಿದೆ. ಕೇಳಿದರೆ ‘ಇದು ಚಿಕ್ಕಂದಿನಿಂದ ನನ್ನೊಳಗಿದ್ದ ಕಥೆ ಸಾರ್’. ಚಿಕ್ಕಂದಿನಲ್ಲಿ ಇವನು ಇದ್ದದ್ದು ರಾಜಾಜಿನಗರದಲ್ಲಿ.

ಈಚೆಗೆ ಮಲ್ಲೇಶ್ವರದ ದರ್ಶಿನಿಯೊಂದರಲ್ಲಿ ಇಂಥ ಒಬ್ಬನ ಕೈಗೆ ಸಿಕ್ಕಿಬಿದ್ದೆ. ನರೇಶನ್ ಶುರುವಾಯಿತು. ಹೀರೋ ಎಂಟ್ರಿ. ಮೊದಲು ಶೂ. ಆಮೇಲೆ ಶೂ ಎಬ್ಬಿಸಿದ ದೂಳು. ಆಮೇಲೆ ಬೆನ್ನು. ಬಿಜಿಎಮ್ಮನ್ನು ಬಾಯಲ್ಲೇ ಬಾರಿಸಿದ. ಪಕ್ಕದ ಟೇಬಲಿನವರು ತಟ್ಟೆ ಎತ್ತಿಕೊಂಡು ಆಚೆ ಹೋದರು. ಕಾಫಿ ಆರಿತು. ಹೀರೋನ ಮುಖ ಇನ್ನೂ ತಿರುಗಿರಲಿಲ್ಲ. ‘ಇವನಿಗೆ ಏನು ಬೇಕು?’ ಅಂದೆ. ಅವನು ಸಪ್ಲೈಯರ್ ಕಡೆ ನೋಡಿದ. ‘ಅಲ್ಲ, ನಿಮ್ಮ ಹೀರೋಗೆ ಏನು ಬೇಕು?’

‘ಅವನಿಗೇನೂ ಬೇಡ ಸಾರ್. ಅವನು ಮಾಸ್.’

ಸೆಕೆಂಡ್ ಹಾಫ್? ‘ಅಲ್ಲಿಂದ ಫುಲ್ ಎಮೋಷನ್. ತಾಯಿ ತೀರ್ಕೋತಾಳೆ.’ ಫಸ್ಟ್ ಹಾಫ್‌ನಲ್ಲಿ ತಾಯಿ ಇದ್ದಳೇ? ಇರಲಿಲ್ಲ. ಪಾಪ, ಸಾಯುವುದಕ್ಕೆಂದೇ ಇಂಟರ್ವಲ್ ಮುಗಿಸಿಕೊಂಡು ಬಂದವಳು.

ಇನ್ನೊಂದು ಜಾತಿ ಚಿತ್ರಕಥೆಯ ಪಾಠದ ಪುಸ್ತಕ ಓದಿಕೊಂಡವರದು. ಸಿಡ್ ಫೀಲ್ಡ್ ಗೊತ್ತು, ಮೂರು ಅಂಕ ಗೊತ್ತು. ಬ್ಲೇಕ್ ಸ್ನೈಡರ್ ಹೇಳಿದಂತೆ ನಲವತ್ತು ಕಾರ್ಡು, ಹದಿನೈದು ಬೀಟು. ದುಬಾರಿ ಸಾಫ್ಟ್‌ವೇರ್ ಕೊಂಡಾಗಿದೆ. ಇವರ ರೂಮಿನ ಗೋಡೆ ನೋಡಬೇಕು: ಹಳದಿ, ಗುಲಾಬಿ, ಹಸಿರು ಚೀಟಿಗಳು, ಮದುವೆ ಮನೆಯ ಚಪ್ಪರದ ಹಾಗೆ. ಗುಲಾಬಿ ಚೀಟಿಯ ಮೇಲೆ ‘ಇಲ್ಲಿ ಟ್ವಿಸ್ಟ್’ ಅಂತಿದೆ. ಏನು ಟ್ವಿಸ್ಟು? ‘ಅದಿನ್ನೂ ಲಾಕ್ ಆಗಿಲ್ಲ.’ ಬಣ್ಣ ಲಾಕ್ ಆಗಿದೆ.

ಕಾರ್ಡುಗಳ ಮೇಲೆ ನನಗೆ ಸಿಟ್ಟಿಲ್ಲ. ಅವುಗಳಿಂದ ಒಂದು ಘನವಾದ ಉಪಯೋಗವಿದೆ. ಹತ್ತನೆಯದನ್ನು ಕಿತ್ತು ಇಪ್ಪತ್ತನೆಯ ಜಾಗಕ್ಕೆ ಅಂಟಿಸಿ ನೋಡಿ. ಏನೂ ಕೆಡದಿದ್ದರೆ ಅಲ್ಲಿ ಕಥೆಯೇ ಇಲ್ಲ, ಬರೀ ಸೀನುಗಳಿವೆ. ಈ ಪರೀಕ್ಷೆಗೆ ಖರ್ಚಿಲ್ಲ. ಅದಕ್ಕೇ ಯಾರೂ ಮಾಡುವುದಿಲ್ಲ.

‘ತಿಥಿ’ ಸಿನಿಮಾವನ್ನು ಎಲ್ಲರೂ ಹೊಗಳುತ್ತಾರೆ. 2015ರಲ್ಲಿ ಲೊಕಾರ್ನೋ ಚಿತ್ರೋತ್ಸವದಲ್ಲಿ ಬಹುಮಾನ ಬಂತು ಅಂತ ಸ್ಟೇಟಸ್ಸನ್ನೂ ಹಾಕಿದ್ದರು. ಅದನ್ನು ಹೇಗೆ ಕಟ್ಟಿದ್ದಾರೆ ಎಂದು ನೋಡಿದವರು ಕಡಿಮೆ. ನೂರೊಂದು ವರ್ಷದ ಮುದುಕ ಸಾಯುತ್ತಾನೆ. ಹನ್ನೊಂದನೆಯ ದಿನ ತಿಥಿ. ಕಥೆಗೆ ಇರುವ ಸಮಯ ಅಷ್ಟೇ. ಅಷ್ಟರೊಳಗೆ ಮೊಮ್ಮಗನಿಗೆ ಜಮೀನು ಮಾರಬೇಕು. ಅದಕ್ಕೆ ಬದುಕಿರುವ ಅಪ್ಪನನ್ನು ಕಾಗದದಲ್ಲಿ ಸಾಯಿಸಬೇಕು. ಆ ಅಪ್ಪ ಗಡ್ಡಪ್ಪನಿಗೆ ಜಮೀನೂ ಬೇಡ, ಮನೆಯೂ ಬೇಡ, ಅಲೆದಾಡಿಕೊಂಡು ಕುಡಿಯಲು ಬಿಟ್ಟರೆ ಸಾಕು. ಮರಿಮಗನಿಗೆ ಕುರಿ ಕಾಯುವ ಹುಡುಗಿ ಬೇಕು. ಒಬ್ಬೊಬ್ಬನಿಗೆ ಒಂದೊಂದು ಆಸೆ, ಎಲ್ಲಕ್ಕೂ ಸೇರಿ ಒಂದು ತಾರೀಖು. ಒಬ್ಬನ ಆಸೆ ಇನ್ನೊಬ್ಬನ ಕಾಲಿಗೆ ತೊಡರುತ್ತದೆ. ಕಾರ್ಡು ಅದಲುಬದಲು ಮಾಡಿ ನೋಡಿ, ಎಲ್ಲ ಕುಸಿಯುತ್ತದೆ. ನಿರ್ದೇಶಕ ರಾಮ್ ರೆಡ್ಡಿ ಜೊತೆ ಕೂತು ಇದನ್ನು ಬರೆದ ಈರೇಗೌಡರು ಕಥೆ ಹುಡುಕಲು ವಿಮಾನ ಹತ್ತಲಿಲ್ಲ. ತಮಗೆ ಗೊತ್ತಿದ್ದ ಮಂಡ್ಯದ ಹಳ್ಳಿಯನ್ನು ನೋಡಿದರು. ನಮ್ಮವರು ಮಾತ್ರ ಕಥೆ ಚರ್ಚೆಗೆ ಗೋವಾಕ್ಕೆ ಹೋಗುತ್ತಾರೆ. ಬರುವಾಗ ಬಿಲ್ಲು ತರುತ್ತಾರೆ.

ಮೇಲೆ ಇನ್ನೊಂದು ಗೊಣಗಾಟ: ‘ಕನ್ನಡದಲ್ಲಿ ಕಥೆಗಳೇ ಇಲ್ಲ.’ ಪುಟ್ಟಣ್ಣ ಕಣಗಾಲರು ಎಂ.ಕೆ. ಇಂದಿರಾರನ್ನು ಓದಿ ‘ಗೆಜ್ಜೆಪೂಜೆ’ ಮಾಡಿದರು, ತ್ರಿವೇಣಿಯನ್ನು ಓದಿ ‘ಶರಪಂಜರ’ ಮಾಡಿದರು. 1972ರ ‘ನಾಗರಹಾವು’ಗಾಗಿ ತ.ರಾ.ಸು. ಅವರ ಮೂರು ಕಾದಂಬರಿಗಳನ್ನು ಒಂದು ಸಿನಿಮಾದೊಳಗೆ ತಂದರು. ಏನನ್ನು ಬಿಡಬೇಕು ಎಂದು ತಲೆ ಕೆಡಿಸಿಕೊಂಡಿದ್ದ ಕಾಲ ಅದು. ಈಗ ಒಂದು ವಾಟ್ಸಾಪ್ ಫಾರ್ವರ್ಡನ್ನು ಎರಡೂವರೆ ಗಂಟೆಗೆ ಎಳೆಯುವ ತಾಪತ್ರಯ. ಕಾದಂಬರಿ ಓದಿ ಅಂದರೆ ಟೈಮಿಲ್ಲ. ಕೊರಿಯನ್ ಸಿನಿಮಾ ನೋಡಲು ರಾತ್ರಿಯಿಡೀ ಟೈಮಿದೆ.

ಹೀಗೇ ಶೂಟಿಂಗ್ ಶುರುವಾಗುತ್ತದೆ. ಬೌಂಡ್ ಸ್ಕ್ರಿಪ್ಟ್ ಕೇಳಿದ ಕಲಾವಿದನಿಗೆ ಕೊಬ್ಬು. ಲೈಟು ಉರಿಯುತ್ತಿದೆ, ಜೂನಿಯರ್ ಆರ್ಟಿಸ್ಟುಗಳ ಬಾಟಾ ಏರುತ್ತಿದೆ, ಜನರೇಟರ್ ಪಕ್ಕ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತ ಅಸಿಸ್ಟೆಂಟ್ ಹುಡುಗ ಇವತ್ತಿನ ಸೀನನ್ನು ಇವತ್ತೇ ಗೀಚುತ್ತಿದ್ದಾನೆ. ಅವನ ಹೆಸರು ತೆರೆಯ ಮೇಲೆ ಬರುವುದಿಲ್ಲ. ಬರುವುದು ಕಥೆ, ಚಿತ್ರಕಥೆ, ಸಂಭಾಷಣೆ, ನಿರ್ದೇಶನ, ನಾಲ್ಕಕ್ಕೂ ಒಂದೇ ಹೆಸರು. ಗುಡುಗಿನ ಸದ್ದಿನ ಜೊತೆ.

ಶುಕ್ರವಾರ ರಿಲೀಸು. ಸೋಮವಾರ ಪ್ರೆಸ್‌ಮೀಟು. ಕನ್ನಡಿಗರಿಗೆ ಕನ್ನಡದ ಅಭಿಮಾನವಿಲ್ಲ ಎಂದು ಕಣ್ಣೀರು. ಕ್ಲೈಮ್ಯಾಕ್ಸ್ ಅರ್ಥವಾಗಲಿಲ್ಲವಲ್ಲ ಎಂದು ಯಾರೋ ಪತ್ರಕರ್ತ ಕೇಳಿಯೇಬಿಟ್ಟ. ‘ಅದು ಚಾಪ್ಟರ್ ಟೂನಲ್ಲಿದೆ ಸಾರ್. ಟೈಟಲ್ ಆಗಲೇ ರಿಜಿಸ್ಟರ್ ಮಾಡಿಸಿದ್ದೀವಿ.’