ಗೆಳೆಯನ ಕವಿತೆ ಕಾಯ್ದವರಿಗೆ: ರಾಬರ್ಟ್ ಬ್ರಿಡ್ಜಸ್‌ಗೆ ಒಂದು ಬಹಿರಂಗ ಪತ್ರ

ಮಾನ್ಯ ರಾಬರ್ಟ್ ಬ್ರಿಡ್ಜಸ್ ಅವರಿಗೆ,

1913ರಿಂದ ಕೊನೆಯುಸಿರಿನ ತನಕ ನೀವು ಇಂಗ್ಲೆಂಡಿನ ಆಸ್ಥಾನಕವಿ. ನಿಮ್ಮ ಕಾಲದ ಓದುಗರು ನಿಮಗೆ ಪತ್ರ ಬರೆದಿದ್ದರೆ ನಿಮ್ಮ ಕವಿತೆಗಳನ್ನು ಕುರಿತೇ ಬರೆಯುತ್ತಿದ್ದರು. ನಾನು ಬರೆಯುತ್ತಿರುವುದು ನಿಮ್ಮ ಮನೆಯಲ್ಲಿ ಬಹಳ ಕಾಲ ಇದ್ದ ಇನ್ನೊಬ್ಬರ ಕವಿತೆಗಳನ್ನು ಕುರಿತು. ನಿಮ್ಮ ಗೆಳೆಯ ಜೆರಾರ್ಡ್ ಮ್ಯಾನ್ಲಿ ಹಾಪ್ಕಿನ್ಸ್ 1889ರ ಜೂನ್ 8ರಂದು ಡಬ್ಲಿನ್‌ನಲ್ಲಿ ವಿಷಮಶೀತ ಜ್ವರದಿಂದ ತೀರಿಕೊಂಡ. ಆಗ ಅವನಿಗೆ 44 ವರ್ಷ. ಅವನ ಕವಿತೆಗಳು ನಿಮ್ಮ ಸಂಪಾದನೆಯಲ್ಲಿ ಪುಸ್ತಕವಾಗಿ ಬಂದದ್ದು 1918ರ ಕೊನೆಗೆ. ನಡುವಿನ 29 ವರ್ಷಗಳಿಗಾಗಿ ನಿಮ್ಮನ್ನು ಬೈದವರು ಬೇಕಾದಷ್ಟು ಜನ ಇದ್ದಾರೆ. ಆ ಗುಂಪಿಗೆ ಸೇರಲು ನನಗೆ ಮನಸ್ಸಿಲ್ಲ. ನನ್ನ ತಕರಾರು ಬೇರೆ ಇದೆ, ಹೇಳುತ್ತೇನೆ. ಮೊದಲು ನಿಮ್ಮ ಋಣದ ಮಾತು ಆಗಲಿ.

ನೀವಿಬ್ಬರೂ 1844ರಲ್ಲಿ ಹುಟ್ಟಿದವರು, 1863ರಲ್ಲಿ ಆಕ್ಸ್‌ಫರ್ಡ್ ಸೇರಿದವರು. ಅವನು ಬೇಲಿಯಲ್ ಕಾಲೇಜು, ನೀವು ಕಾರ್ಪಸ್ ಕ್ರಿಸ್ಟಿ. 1866ರಲ್ಲಿ ಅವನು ಮನೆಯವರ ವಿರೋಧ ಕಟ್ಟಿಕೊಂಡು ಕ್ಯಾಥೊಲಿಕ್ ಆದ. ಎರಡು ವರ್ಷ ಬಿಟ್ಟು ಜೆಸ್ವಿಟ್ ಸಂಘ ಸೇರುವ ಮುನ್ನ, ಅದುವರೆಗೆ ಬರೆದ ಕವಿತೆಗಳನ್ನು ಬೆಂಕಿಗೆ ಹಾಕಿದ. ನೀವು ವೈದ್ಯರಾದಿರಿ. ಅವನ ಧರ್ಮವೂ ಅವನ ಸಂಘವೂ ನಿಮಗೆ ಹಿಡಿಸಲಿಲ್ಲ, ಅದನ್ನು ನೀವು ಮುಚ್ಚಿಡಲೂ ಇಲ್ಲ. ಆದರೂ ಅವನು ಕಳಿಸಿದ ಒಂದೊಂದು ಹಾಳೆಯನ್ನೂ ಆಲ್ಬಂನಲ್ಲಿ ಅಂಟಿಸಿಟ್ಟಿರಿ. ಎಷ್ಟೋ ಕವಿತೆಗಳ ಪ್ರತಿ ಅವನ ಹತ್ತಿರವೇ ಇರುತ್ತಿರಲಿಲ್ಲ. ಆಮೇಲೆ ಅವನ್ನೆಲ್ಲ ನಿಮ್ಮ ಕೈಯಾರೆ ಇನ್ನೊಂದು ಪುಸ್ತಕಕ್ಕೆ ಬರೆದು, ತಿದ್ದಿಕೊಡೆಂದು ಅವನಿಗೇ ಕಳಿಸಿದಿರಿ. ಇವತ್ತು ನಮ್ಮ ಕಾಲೇಜುಗಳ ಇಂಗ್ಲಿಷ್ ಎಂ.ಎ. ತರಗತಿಗಳಲ್ಲಿ ಹುಡುಗ ಹುಡುಗಿಯರು ಅವನ 'ವಿಂಡ್‌ಹೋವರ್' ಓದುತ್ತಾರೆಂದರೆ ಅದು ಆ ಆಲ್ಬಂನಿಂದ ಇಳಿದು ಬಂದ ಪಾಠ. ಇದನ್ನು ಮರೆತು ನಿಮ್ಮ ಮೇಲೆ ಹರಿಹಾಯುವುದು ಕೃತಘ್ನತೆ.

ಈಗ 'ಡಾಯ್ಚ್‌ಲಾಂಡ್' ಹಡಗಿನ ವಿಷಯಕ್ಕೆ ಬರುತ್ತೇನೆ. 1875ರ ಡಿಸೆಂಬರ್‌ನಲ್ಲಿ ಬ್ರೆಮೆನ್‌ನಿಂದ ನ್ಯೂಯಾರ್ಕಿಗೆ ಹೊರಟಿದ್ದ ಆ ಹಡಗು ಹಿಮದ ಬಿರುಗಾಳಿಗೆ ಸಿಕ್ಕಿ, ಥೇಮ್ಸ್ ನದೀಮುಖದ ಆಚೆ ಕೆಂಟಿಷ್ ನಾಕ್ ಎಂಬ ಮರಳುದಿಬ್ಬಕ್ಕೆ ಬಡಿಯಿತು. ಹಾರ್ವಿಚ್‌ನಿಂದ ನೆರವಿನ ದೋಣಿ ಬರುವ ಹೊತ್ತಿಗೆ ಒಂದು ಹಗಲು, ಒಂದು ರಾತ್ರಿ ಕಳೆದುಹೋಗಿತ್ತು. ಸತ್ತವರಲ್ಲಿ ಐವರು ಫ್ರಾನ್ಸಿಸ್ಕನ್ ಸನ್ಯಾಸಿನಿಯರು. ಬಿಸ್ಮಾರ್ಕ್ ಕಾಲದ ಫಾಲ್ಕ್ ಕಾನೂನುಗಳು ಕ್ಯಾಥೊಲಿಕ್ ಮಠಗಳ ಕತ್ತು ಹಿಸುಕಿದ್ದರಿಂದ ಊರು ಬಿಟ್ಟು ಹೊರಟವರು ಅವರು. ವೇಲ್ಸ್‌ನ ಸೇಂಟ್ ಬ್ಯೂನೋ ಕಾಲೇಜಿನಲ್ಲಿ ಧರ್ಮಶಾಸ್ತ್ರ ಓದುತ್ತಿದ್ದ ಹಾಪ್ಕಿನ್ಸ್ ಆ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿ ತಳಮಳಿಸಿದ. ಇದರ ಮೇಲೆ ಯಾರಾದರೂ ಒಂದು ಪದ್ಯ ಬರೆದರೆ ಚೆನ್ನ ಎಂದು ಅಲ್ಲಿನ ಹಿರಿಯ ಪಾದ್ರಿ ಮಾತಿಗೆ ಹೇಳಿದ್ದೇ ಅಪ್ಪಣೆಯಾಯಿತು. ಏಳು ವರ್ಷ ಪದ್ಯದ ಗೊಡವೆಗೆ ಹೋಗದೆ ಇದ್ದವನು 35 ಪದ್ಯಗಳ, 280 ಸಾಲುಗಳ ದೊಡ್ಡ ಕವಿತೆ ಬರೆದ.

ಅದನ್ನು ಜೆಸ್ವಿಟರದೇ ಮಾಸಪತ್ರಿಕೆ 'ದಿ ಮಂತ್'ಗೆ ಕಳಿಸಿದ. ಸಾಲುಗಳ ಮೇಲೆ ಒತ್ತು ತೋರಿಸುವ ಗೀಟುಗಳಿದ್ದವು. ಅವನ್ನು ತೆಗೆದರೆ ಹಾಕುತ್ತೇವೆ ಎಂದರು, ಕೊನೆಗೆ ಹಾಕಲೇ ಇಲ್ಲ. ಆಮೇಲೆ ಅದು ನಿಮ್ಮ ಕೈಗೆ ಬಂತು. ಎಷ್ಟು ಹಣ ಕೊಟ್ಟರೂ ಇದನ್ನು ಇನ್ನೊಮ್ಮೆ ಓದಲಾರೆ ಎಂದು ನೀವು ಬರೆದಿರಂತೆ. ನೀವು ಹಾಗೆ ಬರೆದದ್ದು ನಮಗೆ ಗೊತ್ತಾಗಿರುವುದು ಅವನ ಉತ್ತರದಿಂದ. ಹಣ ಬೇಡ, ಪ್ರೀತಿಗಾಗಿ ಓದು ಎಂಬ ಧಾಟಿಯಲ್ಲಿ ಅವನು ಬೇಡಿಕೊಂಡಿದ್ದಾನೆ.

ಆ ದಿನಗಳಲ್ಲಿ ನೀವು ಲಂಡನ್ನಿನ ಸೇಂಟ್ ಬಾರ್ತಲೋಮಿಯೊ ಆಸ್ಪತ್ರೆಯಲ್ಲಿದ್ದಿರಿ. ತುರ್ತು ವಿಭಾಗದಲ್ಲಿ ವರ್ಷಕ್ಕೆ 30,000ಕ್ಕೂ ಮೇಲ್ಪಟ್ಟು ರೋಗಿಗಳನ್ನು ನೋಡಿದ ಲೆಕ್ಕವನ್ನು ನೀವೇ ಬರೆದಿಟ್ಟಿದ್ದೀರಿ. ಒಬ್ಬೊಬ್ಬರಿಗೆ ಒಂದೂವರೆ ನಿಮಿಷವೂ ಸಿಗುತ್ತಿರಲಿಲ್ಲ, ಹೀಗೆ ನೋಡುವುದು ವೈದ್ಯವಲ್ಲ ಎಂಬ ಸಂಕಟ ಆ ವರದಿಯ ತುಂಬ ಇದೆ. ರೋಗಿಗೆ ಇನ್ನಷ್ಟು ಹೊತ್ತು ಕೊಡಬೇಕಿತ್ತೆಂದು ಕೊರಗಿದವರು ಗೆಳೆಯನ ಕವಿತೆಗೆ ಎರಡನೆಯ ಓದು ಕೊಡಲಿಲ್ಲವಲ್ಲ, ಅದು ನನಗೆ ನೋವು ತರುತ್ತದೆ.

ಅವನು ನಿಮಗೆ ಮತ್ತೆ ಮತ್ತೆ ಹೇಳಿದ್ದು ಒಂದೇ: ಕಣ್ಣಲ್ಲಿ ಓದಬೇಡ, ಕಿವಿಯಲ್ಲಿ ಓದು, ಬಾಯಿಬಿಟ್ಟು ಓದು. ಛಂದಸ್ಸಿನಲ್ಲಿ ನಿಮಗೆ ಪಾಠ ಹೇಳುವ ಯೋಗ್ಯತೆ ನನಗಿಲ್ಲ. ಮಿಲ್ಟನ್ನನ ಛಂದಸ್ಸಿನ ಮೇಲೆ ಪುಸ್ತಕ ಬರೆದವರು ನೀವು. ಆದರೆ ಈ ಒಂದು ಕಡೆ ಕನ್ನಡ ಕಿವಿಗೆ ಒಂದು ಅನುಕೂಲ ಇದೆ. ಹಾಪ್ಕಿನ್ಸ್ ತನ್ನ ಹೊಸ ಲಯಕ್ಕೆ ಇಟ್ಟ ಹೆಸರು ಸ್ಪ್ರಂಗ್ ರಿದಮ್. ಅದರಲ್ಲಿ ಒಂದು ಗಣಕ್ಕೆ ಒಂದು ಒತ್ತು. ಒತ್ತಿನ ಹಿಂದೆ ಒತ್ತಿಲ್ಲದ ಅಕ್ಷರ ಒಂದು ಬರಬಹುದು, ಮೂರು ಬರಬಹುದು, ಬಾರದೆಯೂ ಇರಬಹುದು. ಅಕ್ಷರ ಎಣಿಸಿ ಓದುವವನಿಗೆ ಇದು ಅಸ್ತವ್ಯಸ್ತ. ನಮ್ಮಲ್ಲಿ ತ್ರಿಪದಿ, ಸಾಂಗತ್ಯಗಳು ಅಂಶಗಣದ ಮಟ್ಟುಗಳು. ಬ್ರಹ್ಮ, ವಿಷ್ಣು, ರುದ್ರ ಗಣಗಳಲ್ಲಿ ಅಕ್ಷರದ ಸಂಖ್ಯೆ ಹಿಗ್ಗುತ್ತದೆ, ಕುಗ್ಗುತ್ತದೆ. ಹಾಡುವವಳ ಬಾಯಲ್ಲಿ ಎಲ್ಲ ಸರಿಹೋಗುತ್ತದೆ. ಬೀಸುವ ಕಲ್ಲಿನ ಮುಂದೆ ಕೂತು ತ್ರಿಪದಿ ಹೇಳಿದ ಹೆಂಗಸಿಗೆ ಗಣ ಎಣಿಸುವ ಗರಜಿರಲಿಲ್ಲ. ಎರಡೂ ಒಂದೇ ಎಂದು ನಾನು ಹೇಳುವುದಿಲ್ಲ. ಇಂಗ್ಲಿಷಿನ ಒತ್ತು ಬೇರೆ, ನಮ್ಮ ಲಘುಗುರು ಬೇರೆ. ಆದರೆ ಅಕ್ಷರ ಏರುಪೇರಾದರೂ ಲಯ ಕೆಡುವುದಿಲ್ಲ ಎಂಬ ನಂಬಿಕೆ ಎರಡರಲ್ಲೂ ಇದೆ.

ಪ್ರಾಸದ ಮಾತೂ ಹಾಗೆಯೇ. ವೇಲ್ಸ್‌ನಲ್ಲಿದ್ದಾಗ ಅವನು ವೆಲ್ಷ್ ಕಲಿತು, ಅಲ್ಲಿನ ಕವಿಗಳ ಕಿಂಘಾನೆದ್ ಎಂಬ ಕಟ್ಟನ್ನು ಕಿವಿಗೆ ಹಾಕಿಕೊಂಡ. ಸಾಲಿನ ಮೊದಲರ್ಧದ ವ್ಯಂಜನಗಳು ಎರಡನೆಯ ಅರ್ಧದಲ್ಲಿ ಅದೇ ಸರದಿಯಲ್ಲಿ ಮರಳಿ ಬರುವ, ನಡುವಿನ ಸ್ವರಗಳು ಮಾತ್ರ ಬದಲಾಗುವ ಕಟ್ಟು ಅದು. ಕೊನೆಯ ಪ್ರಾಸಕ್ಕೆ ಒಗ್ಗಿದ ಆ ಕಾಲದ ಇಂಗ್ಲಿಷ್ ಓದುಗನಿಗೆ ಸಾಲಿನೊಳಗಿನ ಈ ವ್ಯಂಜನದ ಮೊಳಗು ಅತಿಯಾಯಿತೆಂದು ಅನ್ನಿಸಿರಬೇಕು. ಪಂಪನಿಂದ ಈಚೆಗೆ ಸಾವಿರ ವರ್ಷ ನಾವು ಪ್ರತಿ ಸಾಲಿನ ಎರಡನೆಯ ಅಕ್ಷರದಲ್ಲಿ ಅದೇ ವ್ಯಂಜನವನ್ನು ಕಾದು ಕೇಳಿದವರು. 'ವಿಂಡ್‌ಹೋವರ್' ಸಾಲುಗಳನ್ನು ಗಟ್ಟಿಯಾಗಿ ಓದುವಾಗ ಅರ್ಥ ಪೂರ್ತಿ ಕೈಗೆ ಸಿಗುವ ಮೊದಲೇ ನಮ್ಮ ಕಿವಿ ಒಪ್ಪಿಬಿಡುತ್ತದೆ.

ನಿಮ್ಮ ಕಿವಿಯೂ ಒಳಗೊಳಗೇ ಒಪ್ಪಿತ್ತು ಎಂಬುದು ನನ್ನ ಬಲವಾದ ಅಭಿಪ್ರಾಯ. ನಿಮ್ಮ ಹೆಸರು ಇಂದಿಗೂ ಉಳಿದಿರುವುದು ಮುಖ್ಯವಾಗಿ 'ಲಂಡನ್ ಸ್ನೋ' ಕವಿತೆಯಿಂದ. 1880ರ ನಿಮ್ಮ ಸಂಕಲನದ ಆ ಕವಿತೆಯ ನಡಿಗೆ ಅವನ ಲಯದಿಂದ ಕಲಿತದ್ದು, ಮತ್ತು ಆ ಹೊಸ ಛಂದಸ್ಸಿಗೆ ಗೆಳೆಯನೊಬ್ಬನ ಋಣ ಇದೆಯೆಂದು ನೀವೇ ಒಪ್ಪಿಕೊಂಡಿರಿ.

ಹಾಗಿದ್ದರೂ ಪುಸ್ತಕಕ್ಕೆ 29 ವರ್ಷ ಯಾಕೆ? ನಿಮ್ಮ ಪರವಾಗಿ ನಾನು ವಾದಿಸಬಲ್ಲೆ. ಮೊದಲನೆಯದಾಗಿ ಅವನಿಗೇ ಅಚ್ಚಿನ ಭಯವಿತ್ತು. ಕ್ಯಾನನ್ ಡಿಕ್ಸನ್, ಅವನ ಕವಿತೆಯನ್ನು ಮನಸಾರೆ ಮೆಚ್ಚಿದ ಬೆರಳೆಣಿಕೆಯ ಜನರಲ್ಲಿ ಒಬ್ಬರು, 1879ರಲ್ಲಿ ಒಂದು ಪದ್ಯವನ್ನು ಪತ್ರಿಕೆಗೆ ಕೊಡುತ್ತೇನೆಂದಾಗ ಹಾಪ್ಕಿನ್ಸ್ ಗಾಬರಿಯಾಗಿ ತಡೆದ. ಸಂಘದ ಹಿರಿಯರ ಅನುಮತಿ ಇಲ್ಲದೆ ಏನೂ ಹೊರಗೆ ಹೋಗಬಾರದೆಂಬುದು ಅವನ ನೇಮ. ಎರಡನೆಯದು, ಓದುಗರು ಸಿದ್ಧರಿರಲಿಲ್ಲ. ಛಂದಸ್ಸಿನ ಬಗ್ಗೆ ಸ್ವತಃ ಬರೆದ ಕವೆಂಟ್ರಿ ಪ್ಯಾಟ್‌ಮೋರ್‌ಗೇ ಹಸ್ತಪ್ರತಿ ಕೊಟ್ಟು ನೋಡಿದ್ದಾಯಿತು, ಅವರೂ ಕೈಚೆಲ್ಲಿದರು. ಇಂಗ್ಲಿಷ್ ಕಿವಿಗೆ ಟೆನಿಸನ್ನರ ಇಂಪು ನಾಲ್ಕು ದಶಕ ಹದ ಕೊಟ್ಟಿತ್ತು. 1892ರಲ್ಲಿ ಅವರು ತೀರಿಕೊಂಡ ಮೇಲೆ ಆಸ್ಥಾನಕವಿಯ ಪೀಠ ಮೂರು ವರ್ಷ ಖಾಲಿ ಬಿದ್ದು, 1896ರಲ್ಲಿ ಆಲ್ಫ್ರೆಡ್ ಆಸ್ಟಿನ್ ಪಾಲಾಯಿತು. ಅಂಥ ದಿನಗಳಲ್ಲಿ 'ಡಾಯ್ಚ್‌ಲಾಂಡ್' ಕವಿತೆ ಅಚ್ಚಾಗಿದ್ದರೆ ಹೀಯಾಳಿಕೆಗೆ ಗುರಿಯಾಗುತ್ತಿತ್ತು ಎಂಬ ನಿಮ್ಮ ಅಂಜಿಕೆ ಸುಳ್ಳಲ್ಲ. 1893ರಲ್ಲಿ ಮೈಲ್ಸ್ ಎಂಬವರ ಸಂಕಲನಕ್ಕೆ ಅವನ ಕೆಲವು ಕವಿತೆಗಳನ್ನು ಕೊಟ್ಟು ನೀವು ನೀರಿನ ಆಳ ನೋಡಿದಿರಿ, ಯಾರೂ ಗಮನಿಸಲಿಲ್ಲ. ಯುದ್ಧದ ನಡುವೆ, 1916ರಲ್ಲಿ, ನಿಮ್ಮ 'ದಿ ಸ್ಪಿರಿಟ್ ಆಫ್ ಮ್ಯಾನ್' ಸಂಕಲನದಲ್ಲಿ ಮತ್ತೆ ಕೆಲವನ್ನು ಸೇರಿಸಿದಿರಿ. ಅದು ಜನರ ಕೈಗೆ ಹೋಯಿತು. ಆಗ ಧೈರ್ಯ ಬಂತು.

ಪುಸ್ತಕ ಬಂದಾಗ ಅಚ್ಚಾದದ್ದು 750 ಪ್ರತಿ. ಅವು ಖರ್ಚಾಗಲು ಹತ್ತು ವರ್ಷ ಹಿಡಿಯಿತು. ಬಿ.ಎಂ.ಶ್ರೀ 1926ರಲ್ಲಿ 'ಇಂಗ್ಲಿಷ್ ಗೀತಗಳು' ಕೊಟ್ಟು ಕನ್ನಡ ಕವಿತೆಗೆ ಹೊಸ ಮಟ್ಟುಗಳ ಬಾಗಿಲು ತೆರೆದಾಗ ನಿಮ್ಮ ಗೆಳೆಯ ಅದರಲ್ಲಿ ಇರಲಿಲ್ಲ. ಇರುವುದಾದರೂ ಹೇಗೆ? ಇಂಗ್ಲೆಂಡಿನಲ್ಲೇ ಆ 750 ಪ್ರತಿಗಳು ಇನ್ನೂ ಪೂರ್ತಿ ಖರ್ಚಾಗಿರಲಿಲ್ಲ. ಹೊಸ ಲಯಕ್ಕಾಗಿ ಅಷ್ಟು ಹುಡುಕಾಡಿದ ಶ್ರೀಯವರ ಕೈಗೆ ಹಾಪ್ಕಿನ್ಸ್ ಸಿಕ್ಕಿದ್ದರೆ ಎಂದು ಯೋಚಿಸಿ ನಾನು ಹೊಟ್ಟೆ ಉರಿದುಕೊಂಡದ್ದುಂಟು.

ಪುಸ್ತಕವನ್ನು ನೀವು ಅವನ ತಾಯಿಗೆ ಅರ್ಪಿಸಿದಿರಿ. ಆಕೆ ಆಗ 97 ದಾಟಿದ ಮುದುಕಿ. ಕವಿಯಾಗಿ ಮಗ ಯಾರೆಂದು ಆಕೆಯ ಕಣ್ಣಿನ ಮುಂದೆ ಅಚ್ಚಿನಲ್ಲಿ ಇಟ್ಟಿರಿ. 1920ರಲ್ಲಿ ಆಕೆ ತೀರಿಕೊಂಡರು. ಇದಕ್ಕಾಗಿ ನಾನು ನಿಮಗೆ ಕೈಮುಗಿಯುತ್ತೇನೆ.

ಆದರೆ ಅದೇ ಪುಸ್ತಕದ ಟಿಪ್ಪಣಿಗಳ ಮೊದಲಿಗೆ ನೀವು ಬರೆದ ಪೀಠಿಕೆಯನ್ನು ಏನು ಮಾಡಲಿ? ಅಲ್ಲಿ ಗೆಳೆಯನ ಕುಂದುಗಳನ್ನು ಸಾಲಾಗಿ ಇಡುತ್ತೀರಿ. ವಿಲಕ್ಷಣ, ಅಸ್ಪಷ್ಟ, ರುಚಿಹೀನ, ವಾಕ್ಯಕ್ಕೆ ಬೇಕಾದ ಸರ್ವನಾಮವನ್ನೇ ಬಿಡುತ್ತಾನೆ, ಕೆಲವು ಪ್ರಾಸಗಳು ಅಸಹ್ಯ. 'ಡಾಯ್ಚ್‌ಲಾಂಡ್' ಬಾಗಿಲಲ್ಲೇ ಮಲಗಿದ ಮಹಾಸರ್ಪದ ಹಾಗೆ, ಸದ್ಯಕ್ಕೆ ಬಳಸಿಕೊಂಡು ಒಳಗೆ ಹೋಗಿ ಎಂದು ಓದುಗನಿಗೆ ದಾರಿ ಹೇಳಿಕೊಡುತ್ತೀರಿ. ಇಷ್ಟು ವರ್ಷ ಕಾಯ್ದದ್ದು ಈ ಮಾತಿನೊಡನೆ ಕೊಡುವುದಕ್ಕೋ? ವಿಮರ್ಶಕ ಇದನ್ನು ಬರೆಯಲಿ, ಅದು ಅವನ ಹಕ್ಕು. ಸತ್ತ ಗೆಳೆಯನ ಮೊದಲ ಪುಸ್ತಕವನ್ನು ಲೋಕದ ಕೈಗೆ ಕೊಡುತ್ತಿರುವವರು ಲೋಕದ ಪರವಾಗಿ ಮೊದಲ ಕಲ್ಲು ಎಸೆಯಬಾರದಿತ್ತು. ಓದುಗ ನಗುವ ಮೊದಲೇ ನಾನು ನಕ್ಕುಬಿಟ್ಟರೆ ಗೆಳೆಯನಿಗೆ ಪೆಟ್ಟು ಕಡಿಮೆ ಬೀಳುತ್ತದೆ ಎಂದು ನೀವು ಲೆಕ್ಕ ಹಾಕಿರಬಹುದು. ಆ ಲೆಕ್ಕ ತಪ್ಪಿತು. ಮುಂದಿನ ಎಷ್ಟೋ ವಿಮರ್ಶೆಗಳು ನಿಮ್ಮ ಪಟ್ಟಿಯನ್ನೇ ಹಿಡಿದು ಹೊರಟವು. 1930ರ ಕೊನೆಗೆ, ನೀವು ತೀರಿಕೊಂಡ ವರ್ಷವೇ, ಚಾರ್ಲ್ಸ್ ವಿಲಿಯಮ್ಸ್ ಹೊಸ ಪೀಠಿಕೆಯೊಡನೆ ಎರಡನೆಯ ಮುದ್ರಣ ತಂದರು. ಹೊಸ ಕವಿಗಳ ಪೀಳಿಗೆ ಅದನ್ನು ಬಾಚಿ ತಬ್ಬಿಕೊಂಡಿತು.

ಇದಕ್ಕಿಂತ ದೊಡ್ಡ ತಕರಾರು ಪತ್ರಗಳದ್ದು. ಅವನು ನಿಮಗೆ ಬರೆದ ಪತ್ರಗಳನ್ನು ನೀವು ಜೋಪಾನ ಮಾಡಿದಿರಿ. 1935ರಲ್ಲಿ ಅವು ಅಚ್ಚಾದವು, ಕವಿತೆ ಕಟ್ಟುವ ಕೆಲಸದ ಬಗ್ಗೆ ಅಷ್ಟು ಜೀವಂತವಾದ ಬರಹ ಇಂಗ್ಲಿಷಿನಲ್ಲಿ ಹೆಚ್ಚಿಲ್ಲ. ನಿಮ್ಮ ಕವಿತೆಗಳ ಒಂದೊಂದು ಸಾಲನ್ನು ಹಿಡಿದು ಜಗ್ಗುತ್ತಾನೆ, ಒಳ್ಳೆಯದು ಕಂಡಾಗ ಮಗುವಿನ ಹಾಗೆ ಕುಣಿಯುತ್ತಾನೆ. ಆದರೆ ನೀವು ಅವನಿಗೆ ಬರೆದದ್ದೆಲ್ಲಿ? ಅವನು ಸತ್ತ ಮೇಲೆ ಡಬ್ಲಿನ್‌ನಿಂದ ನಿಮ್ಮ ಕೈಗೆ ಮರಳಿ ಬಂದ ನಿಮ್ಮ ಪತ್ರಗಳಲ್ಲಿ ಬಹುಪಾಲು ಎಲ್ಲವನ್ನೂ ನೀವು ನಾಶಮಾಡಿದಿರಿ. ಇಬ್ಬರು ಕವಿಗಳ ಸುಮಾರು ಕಾಲು ಶತಮಾನದ ಮಾತುಕತೆಯಲ್ಲಿ ನಮಗೆ ಒಬ್ಬರ ದನಿ ಮಾತ್ರ ಕೇಳುತ್ತದೆ. ಹಣದ ಮಾತು ಆಡಿದಿರೆಂಬುದೂ ಅವನ ಬಾಯಿಂದಲೇ ಬರಬೇಕಾಯಿತು. ಇದರಿಂದ ಹೆಚ್ಚು ನಷ್ಟವಾದದ್ದು ನಿಮಗೇ. ಎಲ್ಲಿ ಮೆಚ್ಚಿದಿರಿ, ಎಲ್ಲಿ ಸೋತಿರಿ, ಎಲ್ಲಿ ಎರಡನೆಯ ಸಲ ಓದಿ ಮನಸ್ಸು ಬದಲಿಸಿದಿರಿ ಎಂಬ ಸಾಕ್ಷಿಯೆಲ್ಲ ಹೋಯಿತು. ಉಳಿದದ್ದು ಆ ಪೀಠಿಕೆಯ ಬ್ರಿಡ್ಜಸ್.

ಡಬ್ಲಿನ್‌ನ ಕೊನೆಯ ಐದು ವರ್ಷಗಳಲ್ಲಿ ಅವನು ಗ್ರೀಕ್ ಪಾಠ ಹೇಳುತ್ತ, ರಾಶಿ ರಾಶಿ ಉತ್ತರಪತ್ರಿಕೆ ತಿದ್ದುತ್ತ, ಕಣ್ಣು ಬೇನೆಯಿಂದ, ಮನಸ್ಸಿನ ಕತ್ತಲೆಯಿಂದ ಬಳಲಿದ. 1889ರ ಏಪ್ರಿಲ್‌ನಲ್ಲಿ, ಸಾವಿಗೆ ಏಳು ವಾರ ಮುಂಚೆ, ತನ್ನ ಕೊನೆಯ ಸಾನೆಟ್ ಬರೆದ. ಅದು ನಿಮ್ಮನ್ನೇ ಉದ್ದೇಶಿಸಿದ್ದು, ನಿಮ್ಮ ಹೆಸರಿನ ಮೊದಲಕ್ಷರಗಳೇ ಅದರ ಶೀರ್ಷಿಕೆ. ತನ್ನಲ್ಲಿ ಸ್ಫೂರ್ತಿ ಬತ್ತಿದೆ, ಕವಿತೆ ಸಪ್ಪೆಯಾಗಿದ್ದರೆ ಕಾರಣ ಇದು ಎಂದು ನಿಮ್ಮ ಮುಂದೆ ವಿವರಣೆ ಕೊಡುತ್ತಾನೆ. ಆ ವಿವರಣೆಯೇ ಹದಿನಾಲ್ಕು ಸಾಲಿನ ತುಂಬು ಕವಿತೆ. ಲೋಕದಲ್ಲಿ ಅವನಿಗಿದ್ದ ದೊಡ್ಡ ಓದುಗ ನೀವು, ನಿಮ್ಮ ಒಪ್ಪಿಗೆಗೆ ಅವನು ಎಷ್ಟು ಬೆಲೆ ಕಟ್ಟಿದ್ದನೆಂದು ಅದನ್ನು ಓದಿದ ಯಾರಿಗಾದರೂ ತಿಳಿಯುತ್ತದೆ. ಆ ಸಾನೆಟ್ ಕೈಗೆ ಬಂದ ದಿನ ನೀವು ಏನೆಂದು ಓದಿಕೊಂಡಿರಿ, ಅದು ಚೆನ್ನಾಗಿದೆ ಎಂದು ಅವನು ಬದುಕಿದ್ದಾಗಲೇ ಅವನಿಗೆ ತಿಳಿಸಿದಿರಾ? ನನಗೆ ನಿಮ್ಮಿಂದ ಬೇಕಾದ ಉತ್ತರ ಇದೊಂದೇ.

ಇತಿ,
ಕನ್ನಡದ ಒಬ್ಬ ಓದುಗ