ಎಲ್ಲಾ ಹಸಿರು, ಸ್ವಾಮಿ!

ಕಡೂರು, ತರೀಕೆರೆ ಕಡೆಯ ಹುಡುಗರು ಈಗ ತೋಟದ ಮನೆಯಲ್ಲೇ ಕೂತು ಬೆಂಗಳೂರಿನ ಕಂಪನಿಗಳಿಗೆ ಕೋಡ್ ಬರೆಯುತ್ತಾರೆ. ಉಸ್ತುವಾರಿಗೆ ಮನುಷ್ಯರೇಕೆ, ಡ್ಯಾಶ್‌ಬೋರ್ಡ್ ಇದೆಯಲ್ಲ! ಯಾರದು ಎಷ್ಟು ಕಮಿಟ್ (ಜಮೆ ಮಾಡಿದ ತಿದ್ದುಪಡಿ), ಎಷ್ಟು ಸಾಲು, ಎಷ್ಟು ಟಿಕೆಟ್ ಎಂದು ಎಣಿಸಿ ಅದೇ ಹಸಿರು, ಹಳದಿ, ಕೆಂಪು ಬಳಿಯುತ್ತದೆ. ಮ್ಯಾನೇಜರರಿಗೆ ಉಳಿದಿರುವುದು ಕೆಂಪು ಕಂಡಾಗ ಹೌಹಾರುವ ಕೆಲಸವಷ್ಟೆ.

ನಮ್ಮ ಹುಡುಗರೇನು ದಡ್ಡರೇ? ಒಂದು ಸಾಲಿನ ತಿದ್ದುಪಡಿಯನ್ನು ಐದು ಕಮಿಟ್ ಮಾಡುತ್ತಾರೆ. ಟೆಸ್ಟ್ ಕವರೇಜ್ ಶೇ 90 ಬೇಕೆಂದರೆ, ಏನನ್ನೂ ಪರೀಕ್ಷಿಸದ ಟೆಸ್ಟ್ ಬರೆದು 92 ತೋರಿಸುತ್ತಾರೆ. ಊಟಕ್ಕೆ ಎದ್ದಾಗ ಹೆಸರಿನ ಪಕ್ಕದ ಹಸಿರು ಚುಕ್ಕಿ ಆರದಿರಲೆಂದು ಮೌಸನ್ನು ಟೇಬಲ್ ಫ್ಯಾನಿನ ಕತ್ತಿಗೆ ಕಟ್ಟಿದ ಮಹಾನುಭಾವರೂ ಇದ್ದಾರೆ. ಫ್ಯಾನು ಅತ್ತಿತ್ತ ತಿರುಗಿದಷ್ಟು ಹೊತ್ತೂ ಅವರು ಮಹಾ ಶ್ರಮಜೀವಿಗಳು. ಹಳೆಯ ಕಗ್ಗಂಟು ಕೋಡನ್ನು ಮೂರು ದಿನ ಓದಿ, ಬೇಡದ್ದನ್ನು ಕಿತ್ತು ಬಿಸಾಡಿದವನ ಹೆಸರಿಗೆ ಮಾತ್ರ ಕೆಂಪು. 1982ರಲ್ಲಿ ಆಪಲ್‌ನ ಬಿಲ್ ಅಟ್ಕಿನ್‌ಸನ್ ಇದನ್ನೇ ಮಾಡಿ, ಎಷ್ಟು ಸಾಲು ಬರೆದಿರೆಂದು ಕೇಳುವ ವಾರದ ಫಾರಂನಲ್ಲಿ ‘ಮೈನಸ್ 2000 ಸಾಲು’ ಎಂದು ತುಂಬಿಕೊಟ್ಟರು. ಕೆಲವು ವಾರಗಳಲ್ಲಿ ಅವರಿಗೆ ಫಾರಂ ಕೊಡುವುದನ್ನೇ ನಿಲ್ಲಿಸಲಾಯಿತು. ಇಲ್ಲಾಗಿದ್ದರೆ ಸಂಬಳ ನಿಲ್ಲಿಸುತ್ತಿದ್ದರು.

ಈ ರೋಗ ಕೆರೆ ಹೂಳೆತ್ತುವವರಿಗೂ ತಗುಲಿತು. ಉದ್ಯೋಗ ಖಾತ್ರಿ ಕೂಲಿಗೆ ದಿನಕ್ಕೆರಡು ಫೋಟೊ ತೆಗೆದು ಆ್ಯಪ್‌ಗೆ ಹಾಕುವುದು 2023ರ ಜನವರಿಯಿಂದ ಕಡ್ಡಾಯವಾಯಿತು. ಕಳ್ಳ ಹಾಜರಿ ತಪ್ಪಿಸಲು ಕಂಡುಕೊಂಡ ದಾರಿಯಂತೆ. 2025ರ ಜುಲೈನಲ್ಲಿ ಕೇಂದ್ರ ಸಚಿವಾಲಯವೇ ಸುತ್ತೋಲೆ ಹೊರಡಿಸಿತು: ಸಂಬಂಧವಿಲ್ಲದ ಫೋಟೊ ಬರುತ್ತಿವೆ, ಫೋಟೊದ ಫೋಟೊ ಬರುತ್ತಿವೆ. ಪರಿಹಾರ? ಪಂಚಾಯಿತಿಯವರು ಕೂತು ಒಂದೊಂದನ್ನೂ ಕಣ್ಣಾರೆ ನೋಡಿ ತಾಳೆ ಹಾಕಬೇಕು!

ನನ್ನದೊಂದು ಸಲಹೆ. ಈ ಡ್ಯಾಶ್‌ಬೋರ್ಡನ್ನು ಅಜ್ಜಂಪುರದ ಅಮೃತಮಹಲ್ ತಳಿ ಸಂವರ್ಧನಾ ಕೇಂದ್ರಕ್ಕೂ ಹಾಕಿಬಿಡಿ. ಹೈದರ್, ಟಿಪ್ಪು ಕಾಲದಲ್ಲಿ ಫಿರಂಗಿ ಎಳೆದ ತಳಿ ಅದು, ಹಾಲು ಅಷ್ಟಕ್ಕಷ್ಟೆ. ಡ್ಯಾಶ್‌ಬೋರ್ಡಿಗೆ ಗೊತ್ತಿರುವುದು ಲೀಟರ್ ಮಾತ್ರ. ಮೊದಲ ವಾರ ಇಡೀ ಹಿಂಡು ಕೆಂಪು. ಎರಡನೆಯ ವಾರ ಮೀಟಿಂಗು. ಮೂರನೆಯ ವಾರ ಹೋರಿಗಳೂ ತಲಾ ನಾಲ್ಕು ಲೀಟರ್ ಕರೆದ ವರದಿ ಹಚ್ಚಹಸಿರಾಗಿ ಬೆಂಗಳೂರು ಮುಟ್ಟುತ್ತದೆ. ಮರುದಿನವೇ ಮ್ಯಾನೇಜರರ ಮೇಲ್: ‘ಅಭಿನಂದನೆಗಳು. ಮುಂದಿನ ವಾರದಿಂದ ಐದು.’